ಹೊರಡುವ ಮುನ್ನ ಓದಿ: ಸಣ್ಣ ಸಾಹಸ ಬೈಕಿನ ಮಾಲೀಕರ ಕೈಪಿಡಿ

1. ಅಭಿನಂದನೆಗಳು

ನೀವೀಗ ಒಂದು ಸಾಹಸ ಬೈಕಿನ ಮಾಲೀಕರು. ಕಂಪನಿಯವರು ಕೊಟ್ಟ ಕೈಪಿಡಿ ಸೀಟಿನಡಿ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿದೆ. ಅದನ್ನು ಬಿಚ್ಚದೆ ಕಾಪಾಡಿಕೊಂಡು, ಬೈಕ್ ಮಾರುವ ದಿನ ಮುಂದಿನವರಿಗೆ ಹಾಗೆಯೇ ಒಪ್ಪಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಈ ಕೈಪಿಡಿ ಆ ಕೈಪಿಡಿಗೆ ಬದಲಿಯಲ್ಲ. ಅದನ್ನು ಹೊರಗೆ ತೆಗೆಯುವಂತೆ ನಿಮ್ಮನ್ನು ಪೀಡಿಸುವುದೂ ಇದರ ಉದ್ದೇಶಗಳಲ್ಲೊಂದು. ಇದರಲ್ಲಿ ಚಿತ್ರಗಳಿಲ್ಲ. ‘ಚಿತ್ರ 4 ನೋಡಿ’ ಎಂದಿರುವಲ್ಲೆಲ್ಲ ಬಗ್ಗಿ ಬೈಕನ್ನೇ ನೋಡತಕ್ಕದ್ದು.

ಇದು ಅನ್ವಯಿಸುವುದು 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200 ಮತ್ತು ಅವುಗಳ ಓರಗೆಯವಕ್ಕೆ. ಮುಂದೆ 21 ಇಂಚಿನ ಚಕ್ರ, ಸ್ಪೋಕ್ ಕಟ್ಟಿದ ರಿಮ್ಮು, ಒಳಗೆ ಟ್ಯೂಬು, ಮೇಲಕ್ಕೆ ಬಾಗಿದ ಸೈಲೆನ್ಸರು, ಮತ್ತು ಸಿಗ್ನಲ್‌ನಲ್ಲಿ ನಿಂತಾಗ ಗಿಡ್ಡ ಸವಾರರಿಗೆ ನೆಲ ಎಲ್ಲಿದೆ ಎಂದು ಹುಡುಕುವಂತೆ ಮಾಡುವ ಸೀಟು. ಮೊದಲನೆಯದು ತೂಗುವುದು ಸುಮಾರು 200 ಕಿಲೋ, ಎರಡನೆಯದು 160ರ ಒಳಗೆ. ಕೆಸರಿನಲ್ಲಿ ಬಿದ್ದಾಗ ಎರಡನೆಯದನ್ನು ಒಬ್ಬರೇ ಎತ್ತಬಹುದು. ಮೊದಲನೆಯದಕ್ಕೆ ತೋಟದ ಕೆಲಸಕ್ಕೆ ಹೊರಟ ಇನ್ನಿಬ್ಬರು ಆ ದಾರಿಯಲ್ಲಿ ಬರುವವರೆಗೆ ಕಾಯುವುದು ಒಳ್ಳೆಯದು.

2. ನಿಯೋಜಿತ ಬಳಕೆ

ಜಾಹೀರಾತಿನ ಪ್ರಕಾರ ಈ ವಾಹನ ಇರುವುದು ಲಡಾಖಿಗೆ. ಓಡೋಮೀಟರಿನ ಪ್ರಕಾರ ಬೆಂಗಳೂರಿನ ಮಾರತ್ತಹಳ್ಳಿಗೆ. ವಾರಕ್ಕೆ ಐದು ದಿನ ಆಫೀಸು. ಭಾನುವಾರ ಬೆಳಕು ಹರಿಯುವ ಮೊದಲು ನಂದಿ ಬೆಟ್ಟ, ಎಂಟಕ್ಕೆ ಇಡ್ಲಿ ವಡೆ, ಹತ್ತಕ್ಕೆ ಮನೆ. ಹಬ್ಬಕ್ಕೋ ಮದುವೆಗೋ ತಿಥಿಗೋ ಊರು. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಜುಲೈ ತಿಂಗಳ ಮಂಜಿನಲ್ಲಿ ಚಾರ್ಮಾಡಿ ಇಳಿದು ಉಜಿರೆ ಮುಟ್ಟಿದವರಿಗೆ, ಬಿಸಿಲೆಯ ಕಾಡುದಾರಿಯಲ್ಲಿ ಸುಬ್ರಹ್ಮಣ್ಯ ಸೇರಿದವರಿಗೆ ಲಡಾಖಿನ ಸರ್ಟಿಫಿಕೇಟು ಬೇಕಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಬೈಕಿಗೆ ತಗುಲಿಸುವ ಸಾಮಾನಿನ ಪೆಟ್ಟಿಗೆ ಕೊಳ್ಳುವಾಗ ನಾವು ಜಾಹೀರಾತನ್ನು ನಂಬುತ್ತೇವೆ. ಚೈನಿಗೆ ಎಣ್ಣೆ ಹಾಕುವ ಮಾತು ಬಂದಾಗ ‘ಆಫೀಸಿಗೆ ತಾನೇ’ ಎಂದು ಓಡೋಮೀಟರನ್ನು ನಂಬುತ್ತೇವೆ. ಹೀಗಾಗಿ ಹತ್ತಾರು ಸಾವಿರದ ಪೆಟ್ಟಿಗೆ ಹೊತ್ತ ಬೈಕಿನ ಚೈನು ತುಕ್ಕು ಹಿಡಿದು ಕೆಂಪಗಿರುತ್ತದೆ. ಈ ಎರಡನ್ನು ಅದಲುಬದಲು ಮಾಡಿಕೊಂಡರೆ ಕೈಪಿಡಿಯ ಮುಕ್ಕಾಲು ಪಾಲು ಓದಿದಂತೆಯೇ: ಸಾಮಾನು ಮಾರತ್ತಹಳ್ಳಿಯ ಲೆಕ್ಕದಲ್ಲಿ, ಆರೈಕೆ ಲಡಾಖಿನ ಲೆಕ್ಕದಲ್ಲಿ.

ಪೆಟ್ರೋಲ್ ಕ್ಯಾನಿನ ವಿಷಯ ಇಲ್ಲೇ ಮುಗಿಸಿಬಿಡೋಣ. ಹಿಮಾಲಯನ್ 411ರ ಟ್ಯಾಂಕಿನ ಇಕ್ಕೆಲದಲ್ಲಿ ಕಬ್ಬಿಣದ ಚೌಕಟ್ಟಿದ್ದು, ಅದಕ್ಕೆ ಕ್ಯಾನು ತಗುಲಿಸಿಕೊಳ್ಳಲು ಬರುತ್ತದೆ. ಫೋಟೋದಲ್ಲಿ ಚೆನ್ನಾಗಿಯೂ ಕಾಣುತ್ತದೆ. ಆದರೆ ಅದರ ಟ್ಯಾಂಕು 15 ಲೀಟರಿನದು. ಲೀಟರಿಗೆ 30 ಕಿ.ಮೀ. ಎಂದರೂ 450 ಕಿ.ಮೀ. ಆಯಿತು. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350. ಕ್ಯಾನು ತುಂಬಿಕೊಂಡು ಹಾಸನ, ಸಕಲೇಶಪುರದ ಬಂಕುಗಳನ್ನು ಒಂದೊಂದಾಗಿ ಹಾದುಹೋಗುವುದರಲ್ಲಿ ಸಾಹಸ ಇರಬಹುದು, ಲೆಕ್ಕ ಇಲ್ಲ.

3. ತೂಕದ ಕೋಷ್ಟಕ

ಕಂಪನಿಯ ಕೈಪಿಡಿಯಲ್ಲಿ ‘ಗರಿಷ್ಠ ಹೊರೆ’ ಎಂಬ ಒಂದು ಸಾಲಿದೆ. ಆ ಅಂಕಿಯಲ್ಲಿ ಸಾಮಾನಷ್ಟೇ ಅಲ್ಲ, ನೀವೂ ಸೇರಿದ್ದೀರಿ. ಹೆಲ್ಮೆಟ್ಟು, ಜಾಕೆಟ್ಟು, ಬೂಟು, ಬೆಳಗ್ಗೆ ತಿಂದ ಮಸಾಲೆ ದೋಸೆ ಎಲ್ಲವೂ ಸೇರಿವೆ. ಲೆಕ್ಕಕ್ಕೆ ಅದು 150 ಕಿಲೋ ಎಂದಿಟ್ಟುಕೊಳ್ಳಿ. ನೀವು 78. ತೊಟ್ಟ ಸರಂಜಾಮು 8. ಹಿಂದೆ ಕೂರುವವರು 58 (ಅವರೇ ಹೇಳಿದ್ದು, ಕೈಪಿಡಿ ಪ್ರಶ್ನಿಸುವುದಿಲ್ಲ). ಒಟ್ಟು 144, ಉಳಿದದ್ದು 6. ಎರಡು ಅಲ್ಯೂಮಿನಿಯಂ ಪೆಟ್ಟಿಗೆ, ಅವನ್ನು ಹೊರುವ ಕಬ್ಬಿಣದ ಚೌಕಟ್ಟು, ಇಷ್ಟೇ ಖಾಲಿಯಿದ್ದಾಗಲೂ ಹದಿನೈದು ಕಿಲೋ ಆಸುಪಾಸು ತೂಗುತ್ತವೆ. ಒಳಗೆ ಒಂದು ಟವೆಲ್ ಇಡುವ ಮೊದಲೇ ಒಂಬತ್ತು ಕಿಲೋ ಸಾಲ.

ಎಷ್ಟು ಎಂಬುದಾದ ಮೇಲೆ ಎಲ್ಲಿ ಎಂಬುದು. ಭಾರದ್ದು ಕೆಳಗೆ, ಸವಾರರ ಬೆನ್ನಿಗೆ ಆದಷ್ಟು ಹತ್ತಿರ. ಹಗುರದ್ದು ಮೇಲೆ, ಹಿಂದೆ. ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ: ಸ್ಪ್ಯಾನರು, ಪಂಪು, ಬೀಗದ ಸರಪಳಿ ಎಲ್ಲ ಟಾಪ್ ಬಾಕ್ಸಿನಲ್ಲಿ, ಅಂದರೆ ಅತಿ ಎತ್ತರದಲ್ಲಿ ಮತ್ತು ಅತಿ ಹಿಂದೆ, ಹೊದ್ದುಕೊಳ್ಳುವ ಶಾಲು ಕೆಳಗಿನ ಚೀಲದಲ್ಲಿ. ಹಿಂದಿನ ಆಕ್ಸಲಿನಿಂದಾಚೆಗೆ ಭಾರ ಸರಿದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ. ವೇಗ ಏರಿದಾಗ ಹ್ಯಾಂಡಲು ತಾನಾಗಿಯೇ ‘ಬೇಡ, ಬೇಡ’ ಎಂದು ತಲೆಯಾಡಿಸತೊಡಗುತ್ತದೆ. ಆಗ ಅದರ ಮಾತನ್ನು ಕೇಳತಕ್ಕದ್ದು.

ಸಾಮಾನು ಹೇರಿದ ಮೇಲೆ ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಏರಿಸುವುದನ್ನು ಮರೆಯಬೇಡಿ. ಮರೆತರೆ ಬೈಕಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ. ರಾತ್ರಿ ನಿಮ್ಮ ಹೆಡ್‌ಲೈಟು ರಸ್ತೆಯ ಗುಂಡಿಯನ್ನು ಬಿಟ್ಟು ತೆಂಗಿನ ಮರದಲ್ಲಿ ಎಷ್ಟು ಕಾಯಿ ಬಿಟ್ಟಿದೆ ಎಂಬುದನ್ನು ತೋರಿಸುತ್ತದೆ. ಎದುರಿನ ಲಾರಿಯವರು ಈ ಕುರಿತ ತಮ್ಮ ಅಭಿಪ್ರಾಯವನ್ನು ಹಾರ್ನಿನಲ್ಲಿ ತಿಳಿಸುತ್ತಾರೆ.

4. ಪೆಟ್ಟಿಗೆಯೋ ಚೀಲವೋ

ಪೆಟ್ಟಿಗೆಯ ಪಕ್ಷದಲ್ಲಿ ಹೇಳಬೇಕಾದ್ದು ಇಷ್ಟು: ಬೀಗ ಹಾಕಬಹುದು, ಮಳೆಗೆ ಹೆದರಬೇಕಿಲ್ಲ, ದಾರಿಯಲ್ಲಿ ಅದರ ಮೇಲೆ ಲೋಟ ಇಟ್ಟು ಟೀ ಕುಡಿಯಬಹುದು. ಹೋಟೆಲಿನ ಮುಂದೆ ಬೈಕ್ ಬಿಟ್ಟು ನಿಶ್ಚಿಂತೆಯಿಂದ ಊಟ ಮಾಡಬಹುದು. ಸದಾ ಡಾಂಬರು ರಸ್ತೆಯಲ್ಲೇ ಹೋಗುವವರಿಗೆ, ಒಂದು ಟಾಪ್ ಬಾಕ್ಸು ಸಾಕೆನ್ನುವವರಿಗೆ ಇದು ತಪ್ಪು ಆಯ್ಕೆಯಲ್ಲ.

ವಿಪಕ್ಷದಲ್ಲಿ ಮೊದಲ ಸಾಕ್ಷಿ ಸಿಲ್ಕ್ ಬೋರ್ಡ್ ಜಂಕ್ಷನ್. ಎರಡು ಬಿಎಂಟಿಸಿ ಬಸ್ಸುಗಳ ನಡುವಿನ ಸಂದಿಯಲ್ಲಿ ಹ್ಯಾಂಡಲು ಹೋಯಿತೆಂದರೆ ಬೈಕ್ ಹೋಯಿತು ಎಂಬುದು ನಮ್ಮ ಕೈಗೂ ಕಣ್ಣಿಗೂ ರೂಢಿಯಾದ ಅಳತೆ. ಹ್ಯಾಂಡಲಿಗಿಂತ ಅಗಲವಾದ ಪೆಟ್ಟಿಗೆ ಈ ರೂಢಿಯನ್ನು ಕೆಡಿಸುತ್ತದೆ. ಎರಡನೆಯ ಸಾಕ್ಷಿ ನಿಮ್ಮ ಮೀನಖಂಡ. ಕೆಸರಿನಲ್ಲಿ ಎರಡೂ ಕಾಲು ಕೆಳಗೆ ಬಿಟ್ಟು ತಳ್ಳಿಕೊಂಡು ಹೋಗುವಾಗ ಪಾದ ಒಂದು ಕಡೆ ಊರಿಕೊಳ್ಳುತ್ತದೆ, ಬೈಕ್ ಮುಂದೆ ಹೋಗುತ್ತದೆ, ಪೆಟ್ಟಿಗೆಯ ಅಂಚು ಹಿಂದಿನಿಂದ ಬಂದು ಕಾಲಿಗೆ ಬಡಿಯುತ್ತದೆ. ಕಾಲು ಪೆಟ್ಟಿಗೆಯ ಅಡಿ ಸಿಕ್ಕಿಕೊಂಡರಂತೂ ಮೂಳೆಗೇ ಅಪಾಯ. ಮೆತ್ತನೆಯ ಚೀಲವಾದರೆ ಬಡಿದರೂ ಬಯ್ದು ಮುಂದೆ ಹೋಗಬಹುದು.

ಆದರೆ ಈ ಕೈಪಿಡಿ ಚೀಲದ ಕಡೆ ವಾಲಲು ನಿಜವಾದ ಕಾರಣ ಅಮ್ಮ. ಪೆಟ್ಟಿಗೆಯ ಅಳತೆಯನ್ನು ಕಂಪನಿಯವರು ಲೀಟರಿನಲ್ಲಿ ಹೇಳುತ್ತಾರೆ, 37 ಲೀಟರು, 45 ಲೀಟರು ಎಂದು. ಊರಿನಿಂದ ಬರುವ ಯಾವ ವಸ್ತುವೂ ಲೀಟರಿನ ಆಕಾರದಲ್ಲಿರುವುದಿಲ್ಲ. ಸುಲಿಯದ ತೆಂಗಿನಕಾಯಿ, ಗೊನೆಯಿಂದ ಕತ್ತರಿಸಿದ ಬಾಳೆಕಾಯಿ ಚಿಪ್ಪು, ಹಪ್ಪಳದ ಡಬ್ಬ, ಒಂದು ಮಧ್ಯಮ ಗಾತ್ರದ ಹಲಸಿನ ಹಣ್ಣು. ನೀವು ಪೆಟ್ಟಿಗೆಯ ಮುಚ್ಚಳ ಹಾಕಿ ಬೀಗ ತಿರುಗಿಸಿದ್ದೀರಿ. ಆಗ ಒಳಗಿನಿಂದ ಧ್ವನಿ: ‘ಇನ್ನೂ ಚೂರು ಜಾಗ ಇದೆಯಲ್ಲೋ, ಈ ಎರಡು ಕಾಯಿ ಇಟ್ಕೋ.’ ಪೆಟ್ಟಿಗೆ ಒಲ್ಲೆ ಎನ್ನುತ್ತದೆ. ಚೀಲ ಹೊಟ್ಟೆ ಉಬ್ಬಿಸಿಕೊಂಡು ಒಪ್ಪುತ್ತದೆ. ಹಲಸಿನ ಹಣ್ಣನ್ನು ಯಾವುದರಲ್ಲೂ ಹಾಕಬೇಡಿ. ಗೋಣಿಯಲ್ಲಿ ಸುತ್ತಿ ಸೀಟಿನ ಮೇಲೆ ಅಡ್ಡ ಕಟ್ಟಿ. ಉಪ್ಪಿನಕಾಯಿಯ ಬಗ್ಗೆ ಈ ಕೈಪಿಡಿ ಯಾವ ಹೊಣೆಯನ್ನೂ ಹೊರುವುದಿಲ್ಲ.

ಚೀಲ ಕೊಳ್ಳುವಾಗ ಎರಡು ಸಂಗತಿ. ಸೈಲೆನ್ಸರ್ ಇರುವ ಬಲಗಡೆ ಚೀಲಕ್ಕೂ ಕೊಳವೆಗೂ ನಡುವೆ ಅಂಗೈ ಆಡುವಷ್ಟು ಜಾಗ ಇರಬೇಕು. ಖಾಲಿ ಚೀಲವಿಟ್ಟು ನೋಡಿದರೆ ಸಾಲದು, ತುಂಬಿಸಿ, ಮೇಲೆ ಕೂತು ನೋಡಬೇಕು, ಏಕೆಂದರೆ ಭಾರಕ್ಕೆ ಅದು ಇಳಿಯುತ್ತದೆ. ಇಳಿದು ತಾಗಿದರೆ ಸುಟ್ಟ ನೈಲಾನಿನ ವಾಸನೆ ಎಲ್ಲಿಂದ ಬರುತ್ತಿದೆ ಎಂದು ನೀವು ಮೂರು ಊರು ದಾಟುವವರೆಗೆ ಯೋಚಿಸುತ್ತಿರುತ್ತೀರಿ. ಇನ್ನೊಂದು, ಮಳೆ. ಚೀಲದ ಜೊತೆ ಕೊಡುವ ಮಳೆ ಕವರು ಮಳೆಗೆ ಅಲ್ಲ, ತುಂತುರಿಗೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುತ್ತಮುತ್ತ ಸುರಿಯುವ ಆಗುಂಬೆಯ ಮಳೆ ಕವರಿನ ಮೇಲಿನಿಂದ ನುಗ್ಗಿ ತಳದಲ್ಲಿ ನಿಲ್ಲುತ್ತದೆ. ಅರ್ಧ ಗಂಟೆಯಲ್ಲಿ ಬಟ್ಟೆ ನೆನೆಹಾಕಿದ ಬಕೀಟಿನಂತೆ ಅದು ಜೋತಾಡುತ್ತದೆ. ಬಾಯಿ ಸುರುಳಿ ಸುತ್ತಿ ಕ್ಲಿಪ್ ಹಾಕುವ, ಹೊಲಿಗೆಯಿಲ್ಲದೆ ಅಂಟಿಸಿದ ಚೀಲ ಉತ್ತಮ. ಕೈಯಲ್ಲಿ ಕಾಸಿಲ್ಲದಿದ್ದರೆ ಮಲೆನಾಡಿನವರ ಉಪಾಯ ಇದ್ದೇ ಇದೆ: ಗೊಬ್ಬರದ ಪ್ಲಾಸ್ಟಿಕ್ ಚೀಲ. ತಲೆಗೆ ಕೊಪ್ಪೆಯಾಗಿ ಗದ್ದೆ ಕೆಲಸಕ್ಕೆ ಒದಗುವ ಆ ಚೀಲವನ್ನೇ ಚೆನ್ನಾಗಿ ತೊಳೆದು ನಿಮ್ಮ ದುಬಾರಿ ಚೀಲದ ಒಳಗೆ ಹಾಕಿ, ಅದರೊಳಗೆ ಬಟ್ಟೆ ಹಾಕಿ, ಬಾಯಿ ಕಟ್ಟಿ. ಹೊರಗಿನ ಚೀಲ ನೆನೆದುಕೊಳ್ಳಲಿ, ಅದು ಅದರ ಹಣೆಬರಹ.

ಕಟ್ಟುವ ಬಗ್ಗೆ: ಎರಡು ತುದಿಗೆ ಕಬ್ಬಿಣದ ಕೊಕ್ಕೆಯಿರುವ ಬಂಜೀ ಹಗ್ಗ ಕೊಳ್ಳಬೇಡಿ. ಅದು ಎಳೆದಾಗ ಕೈತಪ್ಪಿದರೆ ಕೊಕ್ಕೆ ನೇರ ಬರುವುದು ಕಣ್ಣಿಗೆ. ಹಾಲಿನವರು, ಗ್ಯಾಸಿನವರು, ಸಂತೆಗೆ ಕೋಳಿ ಒಯ್ಯುವವರು ಬಳಸುವ ಹಳೆ ಟ್ಯೂಬ್ ಪಟ್ಟಿಯನ್ನು ನೋಡಿ ಕಲಿಯತಕ್ಕದ್ದು. ಪಂಚರ್ ಅಂಗಡಿಯಲ್ಲಿ ಟ್ಯೂಬು ಸೀಳಿ ಕೊಡುತ್ತಾರೆ, ಹಿಡಿದರೆ ಜಾರುವುದಿಲ್ಲ, ಗುಂಡಿಯಲ್ಲಿ ಎಗರಿದರೂ ಸಡಿಲವಾಗುವುದಿಲ್ಲ. ಉಳಿದ ತುದಿಗಳನ್ನು ಒಳಗೆ ಸಿಕ್ಕಿಸಿ. ಗಾಳಿಗೆ ಹಾರುವ ಪಟ್ಟಿ ಕೊನೆಗೆ ಹೋಗಿ ಸೇರುವುದು ಚೈನಿಗೆ ಮತ್ತು ಹಿಂದಿನ ಚಕ್ರಕ್ಕೆ.

5. ಚೈನು

ಇಲ್ಲಿಂದ ಮುಂದೆ ತೋಳು ಮಡಿಸತಕ್ಕದ್ದು. ಬೇಕಾದ ಸಾಮಗ್ರಿ: ಹಳೆಯ ಬನಿಯನ್ನು, ಸವೆದ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆ (ಸಿಗದಿದ್ದರೆ ಡೀಸೆಲ್ಲು), ತೊಂಬತ್ತರ ಗೇರ್ ಆಯಿಲ್ಲು ಅಥವಾ ಚೈನ್ ಸ್ಪ್ರೇ, ಹಳೆಯ ಪೇಪರು. ಪೆಟ್ರೋಲು ಬೇಡ. ಈ ವರ್ಗದ ಹಲವು ಬೈಕುಗಳ ಚೈನಿನಲ್ಲಿ ಕೊಂಡಿ ಕೊಂಡಿಗೂ ಸಣ್ಣ ರಬ್ಬರ್ ಉಂಗುರಗಳಿದ್ದು, ಕಾರ್ಖಾನೆಯಲ್ಲಿ ತುಂಬಿದ ಗ್ರೀಸನ್ನು ಅವು ಒಳಗೆ ಹಿಡಿದಿಟ್ಟಿರುತ್ತವೆ. ಪೆಟ್ರೋಲೂ ಕಬ್ಬಿಣದ ಬ್ರಷ್ಷೂ ಆ ಉಂಗುರಗಳನ್ನು ತಿನ್ನುತ್ತವೆ. ಹೊರಗೆ ಫಳಫಳ ಹೊಳೆಯುವ ಚೈನು ಒಳಗೆ ಒಣಗಿರುತ್ತದೆ.

ಸೆಂಟರ್ ಸ್ಟ್ಯಾಂಡ್ ಇದ್ದವರು ಪುಣ್ಯವಂತರು, ಚಕ್ರವನ್ನು ಕೈಯಿಂದ ತಿರುಗಿಸುತ್ತ ಒರೆಸಬಹುದು. ಇಲ್ಲದವರು ಒಂದು ಗೇಣು ಒರೆಸಿ, ಎದ್ದು, ಬೈಕನ್ನು ಒಂದು ಗೇಣು ತಳ್ಳಿ, ಮತ್ತೆ ಕೂತು ಒರೆಸಬೇಕು. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಇದನ್ನು ಮಾಡುವಾಗ ಪಕ್ಕದ ಮನೆಯವರು ‘ಏನ್ ಸಾರ್, ಸ್ಟಾರ್ಟ್ ಆಗ್ತಿಲ್ವಾ?’ ಎಂದು ಕೇಳುತ್ತಾರೆ. ಅವರಿಗೆ ರಬ್ಬರ್ ಉಂಗುರದ ಬಗ್ಗೆ ವಿವರಿಸಲು ಹೋಗಬೇಡಿ.

ಎಚ್ಚರಿಕೆ. ಈ ಕೈಪಿಡಿಯಲ್ಲಿ ನಗಲು ಜಾಗವಿಲ್ಲದ ಸಾಲು ಇದು: ಎಂಜಿನ್ ಓಡುತ್ತಿರುವಾಗ, ಗೇರ್ ಹಾಕಿ ಚಕ್ರ ತಿರುಗುವಾಗ, ಬಟ್ಟೆ ಹಿಡಿದು ಚೈನ್ ಒರೆಸಬೇಡಿ. ಬಟ್ಟೆ ಸ್ಪ್ರಾಕೆಟ್ಟಿಗೆ ಸಿಕ್ಕಿದರೆ ಬೆರಳು ಹಿಂದೆಯೇ ಹೋಗುತ್ತದೆ. ಕೈ ಬಿಡಿಸಿಕೊಳ್ಳುವಷ್ಟು ಸಮಯ ಅಲ್ಲಿ ಇರುವುದಿಲ್ಲ.

ಎಣ್ಣೆ ಹಾಕುವುದು ಸುಮಾರು 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದು ಬಂದ ದಿನ, ಕೆಸರು ದಾಟಿದ ದಿನ. ಹೊರಡುವ ಮುನ್ನ ಅಲ್ಲ, ಬಂದ ಮೇಲೆ, ಚೈನಿನ್ನೂ ಬೆಚ್ಚಗಿರುವಾಗ. ಹೊರಡುವಾಗ ಹಾಕಿದ್ದು ಅರ್ಧ ರಿಮ್ಮಿಗೆ, ಅರ್ಧ ಪ್ಯಾಂಟಿಗೆ ಹೋಗುತ್ತದೆ. ಕೆಳಗಿನ ಎಳೆಯ ಒಳಮೈಗೆ ಹಾಕಿ. ಚೈನು ತಿರುಗುವಾಗ ಎಣ್ಣೆ ಹೊರಮುಖವಾಗಿ ಹರಡಿಕೊಳ್ಳುತ್ತದೆ. ರಾತ್ರಿ ಬಿಟ್ಟು, ಬೆಳಗ್ಗೆ ಮೇಲಿನ ಜಿಡ್ಡನ್ನು ಒರೆಸಿ. ಜಿಡ್ಡು ಹೆಚ್ಚಾದಷ್ಟೂ ಮಣ್ಣು ಅಂಟುತ್ತದೆ; ಎಣ್ಣೆಯೂ ಮಣ್ಣೂ ಸೇರಿದರೆ ಅದು ಸ್ಪ್ರಾಕೆಟ್ಟಿನ ಹಲ್ಲು ಅರೆಯುವ ಲೇಹ್ಯ.

ಇನ್ನು ಬಿಗಿ. ಕೆಳಗಿನ ಎಳೆಯ ನಟ್ಟನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ (ಚಿತ್ರ 4 ನೋಡಿ). ಎಷ್ಟು ಮಿಲಿಮೀಟರ್ ಆಡಬೇಕೆಂಬುದು ಕಂಪನಿಯ ಕೈಪಿಡಿಯಲ್ಲಿದೆ. ಪ್ಲಾಸ್ಟಿಕ್ ಕವರು ಬಿಚ್ಚುವ ಕಾಲ ಬಂದಿದೆ. ಒಂದೇ ಕಡೆ ಅಳೆದು ಬಿಡಬೇಡಿ, ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಎಲ್ಲಿ ಹೆಚ್ಚು ಬಿಗಿಯೋ ಅಲ್ಲಿ ಅಳೆಯಿರಿ. ಸಡಿಲ ಚೈನು ಸದ್ದು ಮಾಡುತ್ತದೆ, ಆದ್ದರಿಂದ ಎಲ್ಲರೂ ಅದನ್ನು ಗಮನಿಸುತ್ತಾರೆ. ಅತಿ ಬಿಗಿಯಾದದ್ದು ಸದ್ದಿಲ್ಲದೆ ಕೆಡಿಸುತ್ತದೆ. ಸರ್ವೀಸಿಗೆ ಬಿಟ್ಟು ತಂದಾಗ ‘ಟೈಟ್ ಮಾಡಿದೀನಿ ಸಾರ್, ಇನ್ನು ಸೌಂಡೇ ಬರಲ್ಲ’ ಎಂಬ ಮಾತು ಕೇಳಿದರೆ ಸಂತೋಷಪಡದೆ ಮನೆಗೆ ಬಂದು ಅಳೆಯಿರಿ. ಸಾಹಸ ಬೈಕಿನ ಹಿಂದಿನ ಚಕ್ರ ಮೇಲೆ ಕೆಳಗೆ ಬಹಳ ಆಡುತ್ತದೆ. ಅದು ಮೇಲಕ್ಕೆ ಹೋದಂತೆ ಚೈನು ಎಳೆದುಕೊಳ್ಳುತ್ತದೆ. ಖಾಲಿ ಬೈಕಿನಲ್ಲೇ ಬಿಗಿಯಾಗಿದ್ದ ಚೈನು, ನೀವೂ ಹಿಂದಿನವರೂ ಎರಡು ಚೀಲವೂ ಹಲಸಿನ ಹಣ್ಣೂ ಹತ್ತಿದ ಮೇಲೆ ತಂತಿಯಾಗುತ್ತದೆ. ಆ ಎಳೆತವನ್ನು ತಿನ್ನುವುದು ಗೇರ್‌ಬಾಕ್ಸಿನ ಬೇರಿಂಗು, ಅದರ ಬಿಲ್ಲು ಕಟ್ಟುವುದು ನೀವು. ಸರಿಪಡಿಸುವಾಗ ಆಕ್ಸಲಿನ ಎರಡೂ ಪಕ್ಕದ ಗುರುತುಗಳು ಒಂದೇ ಮನೆಯಲ್ಲಿರಲಿ. ಇಲ್ಲವಾದರೆ ಚಕ್ರ ಓರೆಯಾಗುತ್ತದೆ.

6. ಉಳಿದ ಆರೈಕೆ, ಬೇಗ ಬೇಗ

ಎಂಜಿನ್ ಆಯಿಲ್ ಮಟ್ಟವನ್ನು ಬೈಕ್ ನೆಟ್ಟಗೆ ನಿಲ್ಲಿಸಿ ನೋಡಬೇಕು; ಸೈಡ್ ಸ್ಟ್ಯಾಂಡಿನ ಮೇಲೆ ಅದು ಸುಳ್ಳು ಹೇಳುತ್ತದೆ. ಬಣ್ಣ ಕಪ್ಪಾಯಿತೆಂದು ಗಾಬರಿ ಬೇಡ, ಕಪ್ಪಾಗುವುದು ಅದರ ಕೆಲಸ. ಮಟ್ಟ ಇಳಿದರೆ ಗಾಬರಿಯಾಗಿ. ಗಾಳಿಯನ್ನು ಬೆಳಗ್ಗೆ, ಟೈರು ತಣ್ಣಗಿರುವಾಗ, ಸ್ವಂತ ಗೇಜಿನಲ್ಲಿ ನೋಡಿ. ಬಂಕಿನ ಹುಡುಗ ‘ಎಷ್ಟು ಹಾಕ್ಲಿ ಸಾರ್?’ ಎಂದು ಕೇಳುವುದು ಸೌಜನ್ಯಕ್ಕೆ. ಉತ್ತರ ಏನೇ ಇರಲಿ ಮುಂದೆ ಹಿಂದೆ ಒಂದೇ ಹಾಕುತ್ತಾನೆ.

ಸಂಡೂರಿನ ಕೆಂಪು ಧೂಳಿನಲ್ಲಿ ಒಂದು ದಿನ ಓಡಾಡಿ ಬಂದರೆ ಏರ್ ಫಿಲ್ಟರ್ ತೆಗೆದು ನೋಡಲೇಬೇಕು. ಕಾಗದದ್ದಾದರೆ ತೊಳೆಯುವ ಹಾಗಿಲ್ಲ, ಬದಲಿಸಬೇಕು. ಕ್ಲಚ್ ಕೇಬಲ್ ಹರಿಯುವ ಮೊದಲು ಲಿವರಿನ ತುದಿಯಲ್ಲಿ ಒಂದೆರಡು ತಂತಿ ಬಿಚ್ಚಿಕೊಂಡು ಮುನ್ಸೂಚನೆ ಕೊಡುತ್ತದೆ. ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲೇ ಟೇಪು ಸುತ್ತಿ ಮೊದಲೇ ಮಲಗಿಸಿಟ್ಟರೆ, ಕಾಡಿನ ನಡುವೆ ಎರಡು ತುದಿ ಸಿಕ್ಕಿಸುವ ಕೆಲಸ ಮಾತ್ರ. ಸ್ಪೋಕುಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ಮೆಲ್ಲಗೆ ತಟ್ಟಿ. ಟಿಣ್ ಎಂದರೆ ಸರಿ, ಟೊಪ್ ಎಂದರೆ ಸಡಿಲ. ವಾಟರ್ ಸರ್ವಿಸ್ ಮಾಡಿಸುವಾಗ ಪೈಪಿನ ನೀರನ್ನು ಚಕ್ರದ ಹಬ್ಬಿಗೂ ಹ್ಯಾಂಡಲಿನ ಬುಡಕ್ಕೂ ಹೊಡೆಯಬೇಡಿ ಎಂದು ಹೇಳಿ. ಹೇಳಿದ ಮೇಲೆ ಅಲ್ಲೇ ನಿಂತು ನೋಡಿ.

ನಟ್ಟು ಬೋಲ್ಟುಗಳಿಗೆ, ಅದರಲ್ಲೂ ಚೀಲದ ಚೌಕಟ್ಟಿನವಕ್ಕೆ, ಬಿಗಿದ ಮೇಲೆ ಒಂದು ಗೆರೆ ಉಗುರು ಬಣ್ಣ: ಅರ್ಧ ನಟ್ಟಿನ ಮೇಲೆ, ಅರ್ಧ ಚೌಕಟ್ಟಿನ ಮೇಲೆ. ಮರುದಿನ ಗೆರೆ ಒಡೆದಿದ್ದರೆ ನಟ್ಟು ತಿರುಗಿದೆ ಎಂದರ್ಥ. ಸ್ಪ್ಯಾನರ್ ಮುಟ್ಟದೆ, ಟೀ ಕುಡಿಯುತ್ತ, ದೂರದಿಂದಲೇ ತಪಾಸಣೆ ಮಾಡಬಹುದು. ಬಣ್ಣವನ್ನು ಮನೆಯವರ ಡಬ್ಬಿಯಿಂದ ತೆಗೆದಿದ್ದರೆ ಮುಚ್ಚಳ ಸರಿಯಾಗಿ ಹಾಕಿಡತಕ್ಕದ್ದು.

7. ಪಂಚರ್

ಮೊಳೆ ಚುಚ್ಚಿದರೂ ಗಾಳಿ ನಿಧಾನವಾಗಿ ಇಳಿಯುವ ಟ್ಯೂಬ್‌ಲೆಸ್ ಸುಖ ಈ ಬೈಕುಗಳಿಗಿಲ್ಲ. ಟ್ಯೂಬು ಒಮ್ಮೆಗೇ ಕುಸಿಯುತ್ತದೆ. ಪಂಚರ್ ಅಂಗಡಿ ನಮ್ಮಲ್ಲಿ ಎಲ್ಲೆಡೆ ಇದೆ, ಆದರೆ ಅಲ್ಲಿ ತೂಗುಹಾಕಿದ ಟ್ಯೂಬುಗಳಲ್ಲಿ ನಿಮ್ಮದಿರುವುದಿಲ್ಲ. ‘ಇಪ್ಪತ್ತೊಂದಾ? ಆ ಸೈಜ್ ಇಲ್ಲಿ ಯಾರ ಹತ್ರಾನೂ ಇಲ್ಲಣ್ಣ, ಹಾಸನಕ್ಕೇ ಹೋಗ್ಬೇಕು.’ ಆದ್ದರಿಂದ ಒಂದೇ ಟ್ಯೂಬ್ ಒಯ್ಯುವುದಾದರೆ 21ರದ್ದನ್ನೇ ಒಯ್ಯಿರಿ. ಆಪತ್ತಿಗೆ ಅದನ್ನು ಹಿಂದಿನ ಸಣ್ಣ ಚಕ್ರಕ್ಕೂ ಮಡಿಸಿ ತುರುಕಬಹುದು; ಹಿಂದಿನದನ್ನು ಮುಂದಕ್ಕೆ ಎಳೆದು ಹಾಕಲು ಬರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಟ್ಯೂಬೂ ಟೈರ್ ಲಿವರೂ ಒಂದೇ ಮಧ್ಯಾಹ್ನದಲ್ಲಿ ಸಿಗುತ್ತವೆ.

ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಬಟ್ಟೆ ಆಡಿಸಿ ಮೊಳೆ ಇನ್ನೂ ಅಲ್ಲೇ ಇದೆಯೇ ನೋಡಿ. ಇದೆ. ಸಾಮಾನ್ಯವಾಗಿ ಇರುತ್ತದೆ. ಆಕ್ಸಲ್ ನಟ್ಟಿನ ಅಳತೆಯ ಸ್ಪ್ಯಾನರು ನಿಮ್ಮ ಬಳಿ ಇದೆಯೇ ಎಂಬುದನ್ನು ಮನೆಯಲ್ಲೇ ಒಮ್ಮೆ ಚಕ್ರ ಬಿಚ್ಚಿ ಖಚಿತಪಡಿಸಿಕೊಳ್ಳಿ, ಕುದುರೆಮುಖದ ದಾರಿಯಲ್ಲಿ ಸಂಜೆ ಆರಕ್ಕಲ್ಲ.

8. ದೋಷ ಪತ್ತೆ

ಲಕ್ಷಣ: ಹಿಂದಿನಿಂದ ಕಟಕಟ ಸದ್ದು. ಕಾರಣ: ಚೈನು. ಅದಲ್ಲವಾದರೆ ಚೌಕಟ್ಟಿನ ಬೋಲ್ಟು. ಅದೂ ಅಲ್ಲವಾದರೆ ತೆಂಗಿನಕಾಯಿ.

ಲಕ್ಷಣ: ಬ್ರೇಕ್ ಹಿಡಿದಾಗ ಕಬ್ಬಿಣ ಉಜ್ಜಿದ ಸದ್ದು. ಕಾರಣ: ಪ್ಯಾಡು ಮುಗಿದಿದೆ. ಘಾಟಿ ಇಳಿಯುವ ಮೊದಲು ಬದಲಿಸಿ. ಇಳಿದ ಮೇಲೆ ಬದಲಿಸುವ ಅವಕಾಶ ಸಿಗದಿರಬಹುದು.

ಲಕ್ಷಣ: ಹಿಂದೆ ಕೂತವರು ಅರ್ಧ ಗಂಟೆಯಿಂದ ಮಾತಾಡಿಲ್ಲ. ಕಾರಣ: ಸೀಟು ಕಿರಿದು, ಚೀಲ ಬೆನ್ನಿಗೆ ಒತ್ತುತ್ತಿದೆ, ಅಥವಾ ಹೊರಡುವಾಗ ನೀವು ಆಡಿದ ಮಾತು. ಪರಿಹಾರ: ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ಕೊಡಿಸಿ. ಎರಡು ಕಾರಣಕ್ಕೆ ಇದು ಸಾಕಾಗುತ್ತದೆ.

ಲಕ್ಷಣ: ಬೈಕ್ ಸ್ಟಾರ್ಟ್ ಆಗುತ್ತಿಲ್ಲ. ಸುತ್ತ ಆರೇಳು ಜನ ಸೇರಿದ್ದಾರೆ. ಒಬ್ಬರು ಪ್ಲಗ್ ಎನ್ನುತ್ತಿದ್ದಾರೆ, ಇನ್ನೊಬ್ಬರು ಪೆಟ್ರೋಲಿನಲ್ಲಿ ನೀರು ಎನ್ನುತ್ತಿದ್ದಾರೆ, ಬುಲೆಟ್ ಇಟ್ಟಿದ್ದ ಹಿರಿಯರೊಬ್ಬರು ಈಗಿನ ಬೈಕುಗಳೇ ಹೀಗೆ ಎನ್ನುತ್ತಿದ್ದಾರೆ. ಮೊದಲು ಕಿಲ್ ಸ್ವಿಚ್ ನೋಡಿ. ಚೀಲ ಕಟ್ಟುವಾಗ ಅದು ತೋಳಿಗೆ ತಾಗಿ ಆಫ್ ಆಗಿರುತ್ತದೆ. ಹಾಗಿದ್ದಲ್ಲಿ ಅದನ್ನು ಯಾರಿಗೂ ಕಾಣದಂತೆ ಸರಿಪಡಿಸಿ, ಆದರೆ ತಕ್ಷಣ ಸ್ಟಾರ್ಟ್ ಮಾಡಬೇಡಿ. ಸ್ಪ್ಯಾನರ್ ಹೊರಗೆ ತೆಗೆದು, ಪ್ಲಗ್ಗಿನ ಬಳಿ ಬಗ್ಗಿ ಎರಡು ನಿಮಿಷ ಗಂಭೀರವಾಗಿ ಏನಾದರೂ ಮಾಡಿ, ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಆಮೇಲೆ ಬಟನ್ ಒತ್ತತಕ್ಕದ್ದು.